ಬದುವಿನ ಹೂಗಳ ಮೇಲಿನ ಸಣ್ಣ ನೊಣಗಳು: ಚಿತ್ರ ತೆಗೆದು ಗುರುತಿಸುವ ಕ್ರಮ

ಹಿಂಗಾರು ಹಂಗಾಮಿನಲ್ಲಿ ಬೆಳಗಿನ ಬಿಸಿಲು ಏರುತ್ತಿದ್ದಂತೆ ಹೊಲದ ಬದುವಿನ ಮೇಲಿರುವ ತುಂಬೆ, ನಾಯಿ ಸಾಸಿವೆ, ಟ್ರೈಡ್ಯಾಕ್ಸ್ ಮುಂತಾದ ಕಾಡುಹೂಗಳ ಸುತ್ತ ಸಣ್ಣ ಕೀಟಗಳು ಸುಳಿದಾಡುವುದನ್ನು ರೈತರೆಲ್ಲರೂ ಕಂಡಿರುತ್ತಾರೆ. ಇವುಗಳಲ್ಲಿ ಕಪ್ಪು-ಹಳದಿ ಪಟ್ಟೆಯುಳ್ಳ ಕೆಲವು ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ತೋರಿ, ಮರುಕ್ಷಣವೇ ಪಕ್ಕಕ್ಕೆ ಸರಿದು, ಮತ್ತೆ ಅದೇ ಹೂವಿಗೆ ಬರುತ್ತವೆ. ಬಹುಮಂದಿ ಇವನ್ನು ಸಣ್ಣ ಜೇನು ಅಥವಾ ಕಣಜವೆಂದು ತಿಳಿಯುತ್ತಾರೆ. ವಾಸ್ತವವಾಗಿ ಇವು ನೊಣಗಳು. ಇವುಗಳಿಗೆ ಸಿರ್ಫಿಡ್ ನೊಣ ಅಥವಾ ಹೂನೊಣ ಎಂದು ಹೆಸರು. ಪ್ರಪಂಚದಲ್ಲಿ ಸುಮಾರು 6000 ಜಾತಿಯ ಹೂನೊಣಗಳಿವೆ.

ಇದೇ ಹೊಲದ ಅಲಸಂದೆಯ ಕುಡಿಗಳನ್ನು ಬಗ್ಗಿಸಿ ನೋಡಿದರೆ ಕಪ್ಪು ಹೇನುಗಳು ಮುತ್ತಿಕೊಂಡಿರುತ್ತವೆ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಕಾಲಿಲ್ಲದ, ಹಸಿರು ಅಥವಾ ಕಂದು ಬಣ್ಣದ ಹುಳು ಅಂಟಿಕೊಂಡಿರುತ್ತದೆ. ಹೇನಿನ ಜೊತೆಗೆ ಹುಳುವೂ ಬಿದ್ದಿದೆಯೆಂದು ಬೆದರಿ ರೈತರು ಕೂಡಲೇ ಔಷಧಿ ಸಿಂಪಡಿಸುವುದುಂಟು. ಆದರೆ ಆ ಹುಳು ಬೆಳೆಯನ್ನು ತಿನ್ನುವುದಿಲ್ಲ. ಅದು ಬದುವಿನ ಹೂವಿನ ಮೇಲೆ ಕುಳಿತಿದ್ದ ನೊಣದ ಮರಿ. ಹೇನುಗಳೇ ಅದರ ಆಹಾರ. ತಾಯಿಯನ್ನು ಬದುವಿನಲ್ಲಿ ಗುರುತಿಸಲು ಬಾರದಿದ್ದರೆ ಮರಿಯನ್ನು ಬೆಳೆಯಲ್ಲಿ ಕೊಂದುಕೊಳ್ಳುವ ಪ್ರಮಾದ ಆಗುತ್ತದೆ. ಇಂದು ಹಳ್ಳಿಹಳ್ಳಿಗೂ ಬಂದಿರುವ ಮೊಬೈಲ್ ಫೋನಿನ ಕ್ಯಾಮರಾವನ್ನು ಕ್ರಮವಾಗಿ ಬಳಸಿದರೆ ಈ ಪ್ರಮಾದವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಹೂನೊಣದ ಜೀವನ ಕ್ರಮ

ಪ್ರೌಢ ನೊಣದ ಆಹಾರ ಹೂವಿನ ಮಕರಂದ ಮತ್ತು ಪರಾಗ. ಹಾರಾಟದ ಶಕ್ತಿ ಮಕರಂದದಿಂದ ದೊರೆತರೆ, ಹೆಣ್ಣು ನೊಣದ ಮೊಟ್ಟೆಗಳು ಬಲಿಯಲು ಪರಾಗ ಅವಶ್ಯಕ. ಹೂವೇ ಇಲ್ಲದ ಕಡೆ ಈ ನೊಣಗಳು ನೆಲೆಯೂರದಿರಲು ಇದೇ ಕಾರಣ. ಹೆಣ್ಣು ನೊಣವು ಹೇನಿರುವ ಕುಡಿಯನ್ನು ಹುಡುಕಿ, ಅಕ್ಕಿಕಾಳಿನ ಆಕಾರದ, ಸುಮಾರು 1 ಮಿ.ಮೀ. ಉದ್ದದ ಬಿಳಿಯ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಎರಡು ಮೂರು ದಿನಗಳಲ್ಲಿ ಮರಿ ಹೊರಬರುತ್ತದೆ.

ಮರಿಹುಳುವಿಗೆ ಕಾಲೂ ಇಲ್ಲ, ಕಣ್ಣೂ ಇಲ್ಲ. ದೇಹದ ಮುಂಭಾಗ ಚೂಪಾಗಿದ್ದು ಹಿಂಭಾಗ ದಪ್ಪಗಿರುತ್ತದೆ. ಮುಂಭಾಗವನ್ನು ಅತ್ತಿತ್ತ ತೂಗಾಡಿಸಿ, ಹೇನು ತಗುಲಿದೊಡನೆ ಬಾಯಿಯ ಕೊಕ್ಕೆಯಿಂದ ಚುಚ್ಚಿ ಮೇಲೆತ್ತಿ, ರಸವನ್ನು ಹೀರಿ, ಬರಿ ಚರ್ಮವನ್ನು ಬಿಸಾಡುತ್ತದೆ. ಸಾಮಾನ್ಯವಾಗಿ ಒಂದೊಂದು ಮರಿಹುಳು ಬೆಳೆಯುವಷ್ಟರಲ್ಲಿ ಕೆಲವು ನೂರು ಹೇನುಗಳನ್ನು ತಿಂದು ಮುಗಿಸುತ್ತದೆ. ಹಲವು ಜಾತಿಯ ಮರಿಗಳು ಹಗಲಿನಲ್ಲಿ ಎಲೆಯ ತಳದಲ್ಲಿ ಅಡಗಿದ್ದು ರಾತ್ರಿ ಹೆಚ್ಚಾಗಿ ತಿನ್ನುವುದರಿಂದ ಅವುಗಳ ಕೆಲಸ ರೈತರ ಕಣ್ಣಿಗೆ ಬೀಳುವುದು ಕಡಿಮೆ. ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಮರಿ ಬಲಿತು, ನೀರಿನ ಹನಿಯ ಆಕಾರದ ಕೋಶವಾಗಿ ಎಲೆಗೆ ಅಂಟಿಕೊಳ್ಳುತ್ತದೆ. ಮತ್ತೊಂದು ವಾರದಲ್ಲಿ ನೊಣ ಹೊರಬರುತ್ತದೆ.

ಎಲ್ಲ ಹೂನೊಣಗಳ ಮರಿಗಳೂ ಹೇನನ್ನು ತಿನ್ನುವುದಿಲ್ಲ ಎಂಬುದನ್ನು ನೆನಪಿಡಬೇಕು. ಕೆಲವು ಜಾತಿಯ ಮರಿಗಳು ಕೊಟ್ಟಿಗೆಯ ಚರಂಡಿ, ಕೊಳೆತ ನೀರು ಮುಂತಾದ ಕಡೆ ಬೆಳೆಯುತ್ತವೆ. ಇಲಿಯ ಬಾಲದಂತಹ ಉದ್ದನೆಯ ಉಸಿರುಕೊಳವೆ ಇವಕ್ಕಿರುತ್ತದೆ. ಇವುಗಳಿಂದ ಬೆಳೆಗೆ ಹಾನಿಯಿಲ್ಲ. ಬೆಳೆದ ನೊಣಗಳು ಹೂವಿನಿಂದ ಹೂವಿಗೆ ಪರಾಗ ಒಯ್ಯುತ್ತವೆ.

ನೊಣವೋ, ಜೇನೋ, ಕಣಜವೋ?

ಕಣಜದ ಬಣ್ಣ ತೊಟ್ಟ ಹೂನೊಣವನ್ನು ಕಂಡರೆ ಹಕ್ಕಿಗಳೂ ಹಿಂಜರಿಯುತ್ತವೆ. ಈ ವೇಷವೇ ಅದಕ್ಕೆ ರಕ್ಷಣೆ. ಕುಟುಕುವ ಮುಳ್ಳು ಅದಕ್ಕಿಲ್ಲ. ಬಣ್ಣವನ್ನು ನಂಬದೆ ಕೆಳಗಿನ ನಾಲ್ಕು ಗುರುತುಗಳನ್ನು ನೋಡಬೇಕು.

1. ರೆಕ್ಕೆ: ನೊಣಕ್ಕೆ ಒಂದೇ ಜೊತೆ ರೆಕ್ಕೆ. ಹಿಂದಿನ ರೆಕ್ಕೆಗಳ ಜಾಗದಲ್ಲಿ ಗುಂಡುತುದಿಯ ಎರಡು ಸಣ್ಣ ಕಡ್ಡಿಗಳಿರುತ್ತವೆ. ಹಾರುವಾಗ ಸಮತೋಲ ಕಾಯುವುದು ಇವುಗಳ ಕೆಲಸ. ಜೇನು ಮತ್ತು ಕಣಜಗಳಿಗೆ ಎರಡು ಜೊತೆ ರೆಕ್ಕೆಗಳು.

2. ಮೀಸೆ: ಹೂನೊಣದ ಮೀಸೆ ಬಹಳ ಗಿಡ್ಡ, ಮುಖದ ಮೇಲೆ ಚುಕ್ಕೆಯಿಟ್ಟಂತೆ ಕಾಣುತ್ತದೆ. ಜೇನಿನ ಮೀಸೆ ಉದ್ದವಾಗಿದ್ದು ಮೊಣಕೈಯಂತೆ ಬಾಗಿರುತ್ತದೆ.

3. ಕಣ್ಣು: ನೊಣದ ತಲೆಯ ಬಹುಭಾಗ ಕಣ್ಣೇ. ಹೆಚ್ಚಿನ ಹೂನೊಣಗಳಲ್ಲಿ ಗಂಡಿನ ಎರಡು ಕಣ್ಣುಗಳು ನೆತ್ತಿಯ ಮೇಲೆ ಕೂಡಿರುತ್ತವೆ. ಹೆಣ್ಣಿನ ಕಣ್ಣುಗಳ ನಡುವೆ ಅಂತರವಿರುತ್ತದೆ.

4. ಸೊಂಟ ಮತ್ತು ಕಾಲು: ಕಣಜಕ್ಕೆ ದಾರದಂತಹ ಸೊಂಟ; ಸಾಮಾನ್ಯ ಹೂನೊಣಕ್ಕೆ ಅಂತಹ ಸೊಂಟವಿಲ್ಲ. ಕೆಲಸಗಾರ ಜೇನಿನ ಹಿಂಗಾಲಿನಲ್ಲಿ ಪರಾಗದ ಉಂಡೆ ಕಾಣಬಹುದು. ನೊಣದ ಕಾಲಿನಲ್ಲಿ ಅದು ಇರುವುದಿಲ್ಲ.

ಚಿತ್ರ ತೆಗೆಯುವ ಕ್ರಮ

ನೊಣದ ಬೆನ್ನುಹತ್ತಿ ಓಡಿದರೆ ಚಿತ್ರ ಸಿಗುವುದಿಲ್ಲ. ಹೂವಿನ ಬಳಿ ಕಾದು ಕುಳಿತರೆ ಸಿಗುತ್ತದೆ. ಹೂನೊಣಕ್ಕೆ ಅದೇ ಜಾಗಕ್ಕೆ ಮರಳಿ ಬರುವ ಸ್ವಭಾವವಿದೆ. ಬೆಳಗಿನ ಹೊತ್ತು, ಮೈ ಇನ್ನೂ ಬಿಸಿಯಾಗದೆ ನೊಣಗಳು ಮಂದವಾಗಿರುವಾಗ ಚಿತ್ರ ತೆಗೆಯುವುದು ಸುಲಭ. ಗಾಳಿ ಬೀಸುತ್ತಿದ್ದರೆ ಹೂವಿನ ಕಾಂಡಕ್ಕೆ ಒಂದು ಕಡ್ಡಿಯನ್ನು ಆಸರೆ ಕೊಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹಿಡಿಸಬಹುದು.

ಸೂರ್ಯ ಹೆಗಲಿನ ಪಕ್ಕಕ್ಕಿರುವಂತೆ ಕುಳಿತುಕೊಳ್ಳಬೇಕು. ನೆರಳು ಹೂವಿನ ಮೇಲೆ ಬಿದ್ದೊಡನೆ ನೊಣ ಹಾರಿಹೋಗುತ್ತದೆ. ಮೊದಲು ಒಂದು ಮೊಳ ದೂರದಿಂದ ಒಂದು ಚಿತ್ರ ತೆಗೆದಿಟ್ಟುಕೊಂಡು, ಅನಂತರ ನಿಧಾನವಾಗಿ ಗೇಣುದ್ದದವರೆಗೆ ಸಮೀಪಿಸಬೇಕು. ಪರದೆಯ ಮೇಲೆ ನೊಣ ಕಾಣುವ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಕ್ಯಾಮರಾದ ದೃಷ್ಟಿ ಅಲ್ಲಿಯೇ ನಿಲ್ಲುತ್ತದೆ. ಪರದೆಯಲ್ಲಿ ಎಳೆದು ಹಿಗ್ಗಿಸಿ ತೆಗೆದ ಚಿತ್ರದಲ್ಲಿ ವಿವರಗಳು ಮಸುಕಾಗುವುದರಿಂದ ಹಾಗೆ ಮಾಡದೆ, ಸಾಧ್ಯವಿದ್ದರೆ ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಮಸೂರವನ್ನು ಬಳಸುವುದು ಉತ್ತಮ. ಇದನ್ನು ಬಳಸುವಾಗ ನೊಣಕ್ಕೆ ಎರಡು ಮೂರು ಬೆರಳಿನಷ್ಟು ಹತ್ತಿರ ಹೋಗಬೇಕಾಗುವುದರಿಂದ ತಾಳ್ಮೆ ಅವಶ್ಯಕ.

ಒಂದು ನೊಣಕ್ಕೆ ಒಂದು ಚಿತ್ರ ಸಾಲದು. ಕೆಳಗಿನ ಐದು ಚಿತ್ರಗಳಿದ್ದರೆ ಗುರುತಿಸುವವರಿಗೆ ನೆರವಾಗುತ್ತದೆ.

1. ಬೆನ್ನಿನ ಮೇಲಿನಿಂದ: ಎದೆ ಮತ್ತು ಹೊಟ್ಟೆಯ ಪಟ್ಟೆಗಳು ಕಾಣುವಂತೆ.
2. ಪಕ್ಕದಿಂದ: ಕಾಲುಗಳು ಮತ್ತು ಎದೆಯ ಪಕ್ಕದ ಬಣ್ಣ ಕಾಣುವಂತೆ.
3. ಮುಖದ ಎದುರಿನಿಂದ: ಕಣ್ಣು ಮತ್ತು ಮೀಸೆ ಕಾಣುವಂತೆ.
4. ಬಿಚ್ಚಿದ ರೆಕ್ಕೆ: ನರಗಳು ಕಾಣುವಂತೆ.
5. ಇಡೀ ಗಿಡ: ಹೂವು ಮತ್ತು ಎಲೆ ಎರಡೂ ಕಾಣುವಂತೆ.

ನೊಣದ ಗಾತ್ರ ತಿಳಿಯಲು ಒಂದು ಸುಲಭ ಉಪಾಯವಿದೆ. ನೊಣ ಹಾರಿಹೋದ ಮೇಲೆ ಅದು ಕುಳಿತಿದ್ದ ಹೂವಿನ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಇನ್ನೊಂದು ಚಿತ್ರ ತೆಗೆಯಬೇಕು. ಹೂವಿನ ಅಳತೆಯಿಂದ ನೊಣದ ಅಳತೆ ತಿಳಿದುಬರುತ್ತದೆ. ತಾರೀಖು, ವೇಳೆ, ಊರು, ಹತ್ತಿರದ ಬೆಳೆ ಮತ್ತು ಆ ಬೆಳೆಯಲ್ಲಿ ಹೇನು ಇದೆಯೇ ಇಲ್ಲವೇ ಎಂಬುದನ್ನು ಅಂದೇ ಬರೆದಿಡಬೇಕು. ಈ ವಿವರಗಳಿಲ್ಲದ ಚಿತ್ರ ನೋಡಲು ಚೆನ್ನಾಗಿದ್ದರೂ ಉಪಯೋಗ ಕಡಿಮೆ.

ಮುಖ್ಯ ಗುಂಪುಗಳ ಲಕ್ಷಣಗಳು

ಹೂನೊಣಗಳು: ರೆಕ್ಕೆಯ ನಡುವೆ, ಉಳಿದ ನರಗಳಿಗೆ ಸೇರದೆ ಸುಮ್ಮನೆ ಹಾದುಹೋಗುವ ಒಂದು ಹುಸಿನರ ಕಾಣುತ್ತದೆ. ಇದು ಈ ಕುಟುಂಬದ ಪ್ರಮುಖ ಗುರುತು. ಮೈಮೇಲೆ ದಪ್ಪ ಮುಳ್ಳುಗೂದಲು ಇರುವುದಿಲ್ಲ. ನಮ್ಮ ಹೊಲಗಳಲ್ಲಿ ಹೇನು ತಿನ್ನುವವುಗಳ ಪೈಕಿ ಇಸ್ಕಿಯೊಡಾನ್ ಸ್ಕುಟೆಲ್ಲಾರಿಸ್ ಎಂಬುದು ಸಾಮಾನ್ಯ. ಅದರ ಎದೆಯ ಎರಡು ಪಕ್ಕಗಳಲ್ಲಿ ಹಳದಿ ಅಂಚೂ ಹೊಟ್ಟೆಯ ಮೇಲೆ ಕಪ್ಪು-ಹಳದಿ ಪಟ್ಟೆಗಳೂ ಇರುತ್ತವೆ. ಎಪಿಸಿರ್ಫಸ್ ಬಾಲ್ಟಿಯೇಟಸ್ ಎಂಬ ನೊಣದ ಹೊಟ್ಟೆ ಕಿತ್ತಳೆ ಬಣ್ಣದ್ದು. ಒಂದು ದಪ್ಪ ಕಪ್ಪು ಪಟ್ಟೆ, ಒಂದು ತೆಳು ಕಪ್ಪು ಪಟ್ಟೆ, ಹೀಗೆ ಜೋಡಿಪಟ್ಟೆಗಳು ಕಾಣುತ್ತವೆ. ಪ್ಯಾರಾಗಸ್ ಗುಂಪಿನವು ಬಹಳ ಚಿಕ್ಕವು. 4ರಿಂದ 6 ಮಿ.ಮೀ. ಮಾತ್ರ. ಗಮನಿಸದೆ ಬಿಟ್ಟುಹೋಗುವುದು ಇವೇ ಹೆಚ್ಚು. ಕಣ್ಣಿನಲ್ಲಿ ಚುಕ್ಕೆ ಅಥವಾ ಗೆರೆಗಳಿದ್ದರೆ ಅದು ಎರಿಸ್ಟಾಲಿನಸ್ ಗುಂಪಿನದಿರಬಹುದು. ಇದರ ಮರಿ ಕೊಳಕು ನೀರಿನಲ್ಲಿ ಬೆಳೆಯುತ್ತದೆ.

ಟ್ಯಾಕಿನಿಡ್ ನೊಣಗಳು: ಮನೆನೊಣದಂತೆ ಕಂಡರೂ ಹೊಟ್ಟೆಯ ತುದಿಯಲ್ಲಿ ಬಿರುಸಾದ ಮುಳ್ಳುಗೂದಲುಗಳಿರುತ್ತವೆ. ಇವುಗಳ ಮರಿಗಳು ಬೇರೆ ಕೀಟಗಳ, ಹೆಚ್ಚಾಗಿ ಪತಂಗದ ಮರಿಹುಳುಗಳ, ದೇಹದೊಳಗೆ ಬೆಳೆದು ಅವನ್ನು ಕೊಲ್ಲುತ್ತವೆ. ಆದ್ದರಿಂದ ಬೆಳೆಗಾರನಿಗೆ ಇವು ಮಿತ್ರರು. ಆದರೆ 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂದು ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿದ ಊಜಿ ನೊಣವೂ ಇದೇ ಕುಟುಂಬದ್ದು. ಹತ್ತಿಯ ಹೊಲದಲ್ಲಿ ಮಿತ್ರನಾದ ಕುಟುಂಬ ಹುಳು ಸಾಕುವ ಮನೆಯಲ್ಲಿ ಶತ್ರುವಾಗಬಹುದು. ಕುಟುಂಬದ ಹೆಸರು ತಿಳಿದ ಮಾತ್ರಕ್ಕೆ ತೀರ್ಮಾನಕ್ಕೆ ಬರಬಾರದೆಂಬುದಕ್ಕೆ ಇದೊಂದು ನಿದರ್ಶನ.

ಉಣ್ಣೆಮೈಯ ನೊಣಗಳು: ಮೈಯೆಲ್ಲ ಮೃದುವಾದ ಕೂದಲು, ಮುಂದಕ್ಕೆ ಸೂಜಿಯಂತೆ ಚಾಚಿದ ಉದ್ದ ಕೊಳವೆ ಬಾಯಿ ಹಲವು ಜಾತಿಗಳಲ್ಲಿ ಕಾಣುತ್ತದೆ. ಇವುಗಳ ಮರಿಗಳು ಇತರ ಕೀಟಗಳ ಮೇಲೆ, ಮುಖ್ಯವಾಗಿ ನೆಲದಲ್ಲಿ ಗೂಡು ಮಾಡುವ ಒಂಟಿ ಜೇನುಗಳ ಮರಿಗಳ ಮೇಲೆ ಬೆಳೆಯುತ್ತವೆ.

ಹೊಳೆಯುವ ಹಸಿರು-ನೀಲಿ ನೊಣಗಳು: ಸತ್ತ ಪ್ರಾಣಿಗಳ ಮೇಲೆ ಬೆಳೆಯುವ ಈ ನೊಣಗಳನ್ನು ಕಂಡರೆ ಅಸಹ್ಯಪಡುವುದು ಸಹಜ. ಆದರೆ ಮಾವಿನ ಹೂಗೊಂಚಲಿನಲ್ಲಿ ಪರಾಗಸ್ಪರ್ಶ ನಡೆಸುವ ಮುಖ್ಯ ಕೀಟಗಳಲ್ಲಿ ಇವೂ ಹೂನೊಣಗಳೂ ಸೇರಿವೆ. ಮಾವು ಅರಳಿರುವಾಗ ಔಷಧಿ ಹೊಡೆದರೆ ಕಾಯಿ ಕಟ್ಟುವ ಕೆಲಸಗಾರರನ್ನೇ ಹೊಡೆದಂತೆ.

ಹಣ್ಣಿನ ನೊಣಗಳು: ಹಳದಿ-ಕಂದು ಬಣ್ಣದಿಂದಾಗಿ ದೂರಕ್ಕೆ ಹೂನೊಣವೆಂದೇ ಭ್ರಮೆಯಾಗುತ್ತದೆ. ಸೌತೆ, ಹಾಗಲ, ಮಾವು, ಸೀಬೆಗಳನ್ನು ಕೆಡಿಸುವ ಶತ್ರುಗಳು ಇವು. ರೆಕ್ಕೆಯ ಮುಂಅಂಚಿನಲ್ಲಿ ಕಂದು ಪಟ್ಟಿ, ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಮೊಟ್ಟೆ ಚುಚ್ಚುವ ಚೂಪಾದ ನಳಿಕೆ ಇರುತ್ತವೆ. ಹೂನೊಣಕ್ಕೆ ಅಂತಹ ನಳಿಕೆ ಇರುವುದಿಲ್ಲ.

ಮರಿಯನ್ನು ಸಾಕಿ ನೋಡುವುದು

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಕುಡಿಯ ಮೇಲೆ ಕಂಡ ಹುಳು ಮಿತ್ರನೋ ಶತ್ರುವೋ ಎಂಬ ಸಂದೇಹವಿದ್ದಲ್ಲಿ ಅದನ್ನು ಸಾಕಿ ನೋಡುವುದೇ ಉತ್ತಮ ಮಾರ್ಗ. ಅಗಲ ಬಾಯಿಯ ಗಾಜಿನ ಶೀಶೆಯಲ್ಲಿ ಹೇನಿರುವ ಒಂದು ಕುಡಿ ಹಾಗೂ ಒಂದು ಹುಳುವನ್ನಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಬೇಕು. ನೆರಳಿನಲ್ಲಿಟ್ಟು ದಿನವೂ ಹೊಸ ಕುಡಿ ಹಾಕಬೇಕು. ಹೇನುಗಳು ಖಾಲಿಯಾಗುತ್ತ ಎಲೆ ಹಾಗೆಯೇ ಉಳಿದರೆ ಅದು ಮಿತ್ರ ಕೀಟ. ಎಲೆಯೇ ತೂತಾದರೆ ಅದು ಬೆಳೆ ತಿನ್ನುವ ಹುಳು.

ಬರಿಗಣ್ಣಿಗೂ ವ್ಯತ್ಯಾಸ ತಿಳಿಯುತ್ತದೆ. ಎಲೆಕೋಸಿನಲ್ಲಿ ಬೀಳುವ ವಜ್ರಬೆನ್ನಿನ ಪತಂಗದ ಹಸಿರು ಮರಿಗೆ ಸ್ಪಷ್ಟವಾದ ತಲೆಯೂ ಕಾಲುಗಳೂ ಇವೆ. ಮುಟ್ಟಿದೊಡನೆ ಹಿಂದಕ್ಕೆ ಜಿಗಿದಾಡಿ ಎಳೆಯಲ್ಲಿ ತೂಗುತ್ತದೆ. ಹೂನೊಣದ ಮರಿಗೆ ತಲೆ ಬೇರೆಯಾಗಿ ಕಾಣದು. ಮುಟ್ಟಿದರೆ ಸಂಕುಚಿಸಿ ಎಲೆಗೆ ಅಂಟಿಕೊಳ್ಳುತ್ತದೆ. ಕೋಶದಿಂದ ನೊಣ ಹೊರಬಂದ ದಿನ ಶೀಶೆಯನ್ನು ಶೀತಪೆಟ್ಟಿಗೆಯಲ್ಲಿ ನಾಲ್ಕೈದು ನಿಮಿಷ ಇಟ್ಟರೆ ನೊಣ ಮಂದವಾಗುತ್ತದೆ. ಆಗ ಎಲ್ಲ ಕಡೆಯಿಂದಲೂ ಚಿತ್ರ ತೆಗೆದು ಹೊಲಕ್ಕೆ ಬಿಡಬಹುದು. ಕೆಲವೊಮ್ಮೆ ಕೋಶದಿಂದ ನೊಣದ ಬದಲು ಸಣ್ಣ ಕಣಜ ಹೊರಬರುವುದುಂಟು. ಅದು ಹೂನೊಣದ ಮರಿಯನ್ನೇ ತಿಂದು ಬೆಳೆಯುವ ಪರತಂತ್ರ ಜೀವಿ. ಅದರ ಚಿತ್ರವನ್ನೂ ತೆಗೆದಿಡಬೇಕು.

ಚಿತ್ರದಿಂದ ಎಷ್ಟು ತಿಳಿಯುತ್ತದೆ?

ಒಳ್ಳೆಯ ಚಿತ್ರದಿಂದ ನೊಣದ ಕುಟುಂಬವನ್ನು ಹೆಚ್ಚಾಗಿ ಹೇಳಬಹುದು. ಗುಂಪನ್ನು ಹಲವು ಸಲ ಹೇಳಬಹುದು. ಜಾತಿಯನ್ನು ಕೆಲವು ಸಲ ಮಾತ್ರ ಹೇಳಬಹುದು. ಪ್ಯಾರಾಗಸ್‌ನಂತಹ ಚಿಕ್ಕ ನೊಣಗಳಲ್ಲಿ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹಲವು ಜಾತಿಗಳನ್ನು ಬೇರ್ಪಡಿಸಬೇಕಾಗುತ್ತದೆ. ಭಾರತದ ಹೂನೊಣಗಳ ಬಗ್ಗೆ ಬ್ರುನೆಟ್ಟಿಯವರು 1923ರಲ್ಲಿ ಪ್ರಕಟಿಸಿದ ಸಂಪುಟ ಸಿದ್ಧವಾದದ್ದೂ ಸಂಗ್ರಹಾಲಯದ ಒಣ ಮಾದರಿಗಳಿಂದಲೇ. ಚಿತ್ರ ನೋಡಿ ಹೆಸರು ಸೂಚಿಸುವ ಮೊಬೈಲ್ ಆ್ಯಪ್‌ಗಳು ಈಗ ಬಂದಿವೆ. ಅವು ಹೇಳಿದ ಹೆಸರನ್ನು ಸೂಚನೆಯೆಂದಷ್ಟೇ ತಿಳಿಯಬೇಕು. ಬೇರೆ ದೇಶದ ನೊಣದ ಹೆಸರನ್ನು ನಮ್ಮ ನೊಣಕ್ಕೆ ಹಚ್ಚುವ ಸಂಭವ ಇದ್ದೇ ಇದೆ.

ಹೆಸರು ಖಚಿತವಾಗಬೇಕಾದಲ್ಲಿ ಚಿತ್ರದೊಂದಿಗೆ ಎರಡು ಮೂರು ಮಾದರಿಗಳನ್ನೂ ಕಳುಹಿಸಬೇಕು. ನೊಣಗಳನ್ನು ಒಣಗಿಸಿ, ಮೃದು ಕಾಗದದ ನಡುವೆ ಬೆಂಕಿಪೆಟ್ಟಿಗೆಯಲ್ಲಿ ಇಡಬಹುದು. ಮರಿಗಳನ್ನು ಶೇ. 70ರ ಆಲ್ಕೋಹಾಲಿನಲ್ಲಿ ಇಡಬೇಕು. ಕೃಷಿ ವಿಶ್ವವಿದ್ಯಾನಿಲಯಗಳ ಕೀಟಶಾಸ್ತ್ರ ವಿಭಾಗ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋವನ್ನು ಇದಕ್ಕಾಗಿ ಸಂಪರ್ಕಿಸಬಹುದು. ಆದರೆ ಸಿಂಪಡಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ರೈತರಿಗೆ ಜಾತಿಯ ಹೆಸರು ಬೇಕಾಗಿಲ್ಲ. ಮರಿ ಹೇನು ತಿನ್ನುತ್ತದೆ ಎಂಬುದಷ್ಟು ಖಚಿತವಾದರೆ ಸಾಕು.

ಗುರುತಿಸಿದ ಮೇಲೆ ಏನು ಮಾಡಬೇಕು?

ಹೇನು ಮರಿಗಳನ್ನೇ ಈಯುತ್ತದೆ. ಗಂಡಿಲ್ಲದೆಯೂ ವಂಶ ಬೆಳೆಸುತ್ತದೆ. ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ವಾರದಲ್ಲೇ ಹೊಸ ತಲೆಮಾರು ಸಿದ್ಧವಾಗುತ್ತದೆ. ಎಲ್ಲ ಕೀಟಗಳನ್ನೂ ಕೊಲ್ಲುವ ಔಷಧಿ ಹೊಡೆದಾಗ ಹೇನೂ ಸಾಯುತ್ತದೆ, ಹೂನೊಣವೂ ಸಾಯುತ್ತದೆ. ಅಳಿದುಳಿದ ಹೇನುಗಳು ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ಹೂನೊಣವಾದರೋ ಹೊರಗಿನಿಂದ ಬಂದು, ಮೊಟ್ಟೆಯಿಟ್ಟು, ಮರಿ ಬೆಳೆಯುವವರೆಗೆ ಕಾಯಬೇಕು. ಸಿಂಪಡಿಸಿದ ಹೊಲದಲ್ಲಿ ಹೇನು ಮೊದಲಿಗಿಂತ ಹೆಚ್ಚಾಗಿ ಮರುಕಳಿಸುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಹೇನು ಕಂಡ ದಿನ ಹೊಲದ ಬೇರೆ ಬೇರೆ ಕಡೆ ಹತ್ತು ಗಿಡಗಳನ್ನು ನೋಡಿ ಗುರುತು ಮಾಡಬೇಕು. ಅವುಗಳಲ್ಲಿ ಹೂನೊಣದ ಮೊಟ್ಟೆ ಮತ್ತು ಮರಿ, ಗುಲಗಂಜಿ ಹುಳು, ಉಬ್ಬಿ ಕಂದು ಬಣ್ಣಕ್ಕೆ ತಿರುಗಿದ ಹೇನುಗಳು ಎಷ್ಟಿವೆಯೆಂದು ಎಣಿಸಿ, ಕುಡಿಗಳ ಚಿತ್ರ ತೆಗೆದಿಡಬೇಕು. ಮೂರು ದಿನ ಬಿಟ್ಟು ಅದೇ ಗಿಡಗಳ ಚಿತ್ರವನ್ನು ಮತ್ತೆ ತೆಗೆದು ಹೋಲಿಸಬೇಕು. ಮಿತ್ರ ಕೀಟಗಳು ಹೆಚ್ಚುತ್ತ ಹೇನು ಇಳಿಯುತ್ತಿದ್ದರೆ ಸಿಂಪರಣೆ ಅನಾವಶ್ಯಕ. ಹೇನು ಏರುತ್ತಲೇ ಇದ್ದು ಕುಡಿಗಳು ಮುದುಡುತ್ತಿದ್ದರೆ ತಡಮಾಡದೆ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆದು, ಹೇನಿರುವ ಭಾಗಕ್ಕೆ ಮಾತ್ರ, ಸಂಜೆಯ ಹೊತ್ತು ಸಿಂಪಡಿಸಬೇಕು. ಅರಳಿದ ಬದುವಿನ ಮೇಲೆ ಔಷಧಿ ಬೀಳದಂತೆ ಎಚ್ಚರವಹಿಸಬೇಕು.

ಉತ್ತರ ಕರ್ನಾಟಕದ ಕಬ್ಬು ಬೆಳೆಗಾರರಿಗೆ ಈ ಪಾಠ ಹೊಸದಲ್ಲ. 2002ರಲ್ಲಿ ಕಬ್ಬಿಗೆ ಬಿಳಿ ಉಣ್ಣೆ ಹೇನಿನ ಹಾವಳಿ ತಗುಲಿದಾಗ ಅದನ್ನು ಹತೋಟಿಗೆ ತರುವಲ್ಲಿ ಡೈಫಾ ಮತ್ತು ಮೈಕ್ರೋಮಸ್ ಎಂಬ ಪರಭಕ್ಷಕ ಕೀಟಗಳು ದೊಡ್ಡ ಪಾತ್ರ ವಹಿಸಿದವು. ಹೂನೊಣದ ಮರಿಗಳೂ ಆ ಹೇನನ್ನು ತಿನ್ನುವುದು ಕಂಡುಬಂದಿತು. ಮಿತ್ರ ಕೀಟವನ್ನು ಗುರುತಿಸಲು ಕಲಿತ ರೈತರು ಅವುಗಳಿರುವ ಎಲೆಗಳನ್ನು ಉಳಿಸಿಕೊಂಡರು; ಗುರುತಿಸದವರು ಅವುಗಳ ಮೇಲೂ ಔಷಧಿ ಹೊಡೆದರು.

ಬದುವಿನ ಹೂಗಳನ್ನು ಉಳಿಸುವ ಬಗೆ

ಹೂನೊಣದ ಬಾಯಿ ಗಿಡ್ಡವಾದ್ದರಿಂದ ಆಳವಾದ ಹೂಗಳು ಅದಕ್ಕೆ ಒಗ್ಗವು. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಗಳಂತಹ ತೆರೆದ ಸಣ್ಣ ಹೂಗಳೂ ಸೇವಂತಿಗೆಯ ಜಾತಿಯ ಕಾಡುಹೂಗಳೂ ಅದಕ್ಕೆ ಅನುಕೂಲ. ಬದುವನ್ನು ಒಮ್ಮೆಲೇ ಪೂರ್ತಿಯಾಗಿ ಸವರದೆ ಒಂದು ಪಕ್ಕವನ್ನು ಸವರಿ, ಅದು ಚಿಗುರಿ ಹೂಬಿಟ್ಟ ಮೇಲೆ ಇನ್ನೊಂದು ಪಕ್ಕವನ್ನು ಸವರುವುದು ಒಳ್ಳೆಯದು. ಹಿಂಗಾರು ಬೆಳೆಯ ಅಂಚಿನಲ್ಲಿ ಒಂದೆರಡು ಸಾಲು ಕೊತ್ತಂಬರಿ ಬಿತ್ತಿ ಹೂವಿಗೆ ಬಿಟ್ಟರೆ ನೊಣಕ್ಕೆ ಆಹಾರವೂ ಆಯಿತು, ಮನೆಗೆ ಬೀಜವೂ ಆಯಿತು.

ಹಾಗೆಂದು ಎಲ್ಲ ಕಳೆಗಳನ್ನೂ ಬೆಳೆಯಗೊಡಬೇಕೆಂದಲ್ಲ. ಪಾರ್ಥೇನಿಯಂ ಹೂವಿಗೂ ನೊಣಗಳು ಬರುತ್ತವೆ. ಆದರೂ ಮನುಷ್ಯರ ಆರೋಗ್ಯಕ್ಕೂ ಹೊಲಕ್ಕೂ ಮಾರಕವಾದ ಆ ಕಳೆಯನ್ನು ಹೂವಿಗೆ ಮುಂಚೆಯೇ ಕಿತ್ತುಹಾಕಬೇಕು. ಹಳದಿ ನರದ ನಂಜುರೋಗ ತಗುಲಿ ಎಲೆ ಬಲೆಯಂತಾದ ಕಳೆಗಳನ್ನೂ ಉಳಿಸಬಾರದು.

ಗ್ರಾಮ ಸೇವಕರು, ಶಾಲಾ ಶಿಕ್ಷಕರು ಮತ್ತು ಯುವ ರೈತರು ಕೂಡಿ ತಮ್ಮ ಊರಿನ ಬದುಗಳಲ್ಲಿ ಕಾಣುವ ನೊಣಗಳ ಚಿತ್ರಗಳನ್ನು ತಿಂಗಳುವಾರು ತೆಗೆದಿಟ್ಟರೆ, ಯಾವ ತಿಂಗಳು ಯಾವ ಹೂವಿನ ಮೇಲೆ ಯಾವ ಮಿತ್ರ ಕೀಟ ಬರುತ್ತದೆ ಎಂಬ ಪಟ್ಟಿ ಒಂದೆರಡು ವರ್ಷಗಳಲ್ಲಿ ಸಿದ್ಧವಾಗುತ್ತದೆ. ಹೇನು ಬಂದಾಗ ಆ ಪಟ್ಟಿಯನ್ನು ನೋಡಿದರೆ ನೆರವಿಗೆ ಯಾರಿದ್ದಾರೆಂಬುದು ತಿಳಿಯುತ್ತದೆ. ಸಿಂಪರಣೆಯ ಯಂತ್ರವನ್ನು ಹೆಗಲಿಗೇರಿಸುವ ಮುನ್ನ ಬದುವಿನ ಬಳಿ ಕಾಲು ಗಂಟೆ ಕುಳಿತು ಹೂಗಳನ್ನು ಗಮನಿಸುವುದು ಪ್ರತಿಯೊಬ್ಬ ರೈತನಿಗೂ ಲಾಭದಾಯಕ.